ವೇಬಿಲ್ಲಿನ ಹಿಂಬದಿ

ಮುಂಬದಿಯಲ್ಲಿ ಡಿಪೋದವರ ಲೆಕ್ಕ:
ಮೈಸೂರು ಬಿಟ್ಟದ್ದು ಆರು ಹತ್ತು,
ಹೆಂಗಸರ ಶೂನ್ಯ ಟಿಕೆಟ್ ನಲವತ್ತೊಂದು,
ಲಗೇಜು ಒಂದು, ಹುಂಜ ಎರಡು.

ನನ್ನ ಕಾರ್ಬನ್ ಪ್ರತಿಯ ಹಿಂಬದಿಯಲ್ಲಿ:
ಬುಧವಾರ, ರಾತ್ರಿ ಹತ್ತೂವರೆ, ಎಡಗೈ,
ನೆತ್ತಿಯ ಬಲಕ್ಕೆ, ಹದಿನೇಳು ಕೂದಲು.
ಕೀಳುವ ಮುಂಚೆ ಏನನ್ನಿಸಿತು?
‘ಏನೂ ಇಲ್ಲ’ ಎಂದು ಬರೆದು, ಹೊಡೆದು ಹಾಕಿ,
‘ಒಂದು ಒರಟು ಕೂದಲು ಬೆರಳಿಗೆ ಸಿಕ್ಕಿತು.’

ಬರೆಯಲು ಹೇಳಿದವರು ಮಂಡ್ಯದ ದೊಡ್ಡಾಸ್ಪತ್ರೆಯ
ಹದಿನಾಲ್ಕನೇ ರೂಮಿನ ತಬಸ್ಸುಮ್ ಮೇಡಂ.
ಮಾತ್ರೆ ಕೊಡ್ತಾರೆ, ನುಂಗಿ ಮರೆಯೋಣ ಅಂತ ಹೋದರೆ
ಲೆಕ್ಕ ಬರೆಯುವ ಕೆಲಸ ಕೊಟ್ಟರು,
ಹನ್ನೊಂದು ವರ್ಷದಿಂದ ಲೆಕ್ಕದಲ್ಲೇ ಅನ್ನ ತಿನ್ನುವ
ಕಂಡಕ್ಟರಿಗೆ!

ಅತ್ತೆಯದು ಬೇರೆ ಲೆಕ್ಕ.
‘ಮಾದಪ್ಪಂಗೆ ಮುಡಿ ಕೊಡ್ತೀನಿ ಅಂತ ಹೊತ್ಕಂಡು ಮರ್ತಿದ್ದೀಯೆ ಕಣವ್ವ,
ಅವನೇ ಒಂದೊಂದಾಗಿ ಈಸ್ಕತಾವ್ನೆ.’
ಗಂಡನದು ಚಿಕ್ಕದು: ಕೈ ಕಟ್ಕಂಡು ಮಲಗು.
ನನ್ನದು ಸವರಿ, ಕ್ಲಿಪ್ಪು, ಬೋಳು ಜಾಗಕ್ಕೆ ಕಾಡಿಗೆ,
ಕಿಟಕಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲುವ ಅಭ್ಯಾಸ.

ಕಿತ್ತ ಬುಡದಲ್ಲಿ ಒಂದು ಬಿಳಿ ಕಾಳಿರುತ್ತದೆ,
ಅದನ್ನು ಹಲ್ಲಿನ ನಡುವೆ ಒಡೆಯುವ ಸುಖ
ಯಾರಿಗೂ ಹೇಳಿರಲಿಲ್ಲ.
ಮೇಡಂ ಮುಖ ಸಿಂಡರಿಸಲಿಲ್ಲ.
ಬರೆದುಕೊಂಡರು.

‘ಕೈ ನೆತ್ತಿಗೆ ಹೋಗೋ ದಾರೀಲಿ ಎಲ್ಲೆಲ್ಲಿ ನಿಲ್ಲುತ್ತೆ, ನೋಡಿ.’
ನೋಡಿದೆ. ನಿಜ, ಅದು ನೇರ ಹೋಗುವ ಗಾಡಿಯಲ್ಲ.
ಮೊದಲು ಕಾಲರ್, ಆಮೇಲೆ ಓಲೆ,
ಕಿವಿಯ ಹಿಂದೆ ತುಸು ಹೊತ್ತು,
ಅಲ್ಲಿಂದ ಎಕ್ಸ್‌ಪ್ರೆಸ್.
‘ಹಾಗಾದ್ರೆ ಕಾಲರಿನಲ್ಲೇ ಇಳಿಸಿ.’

ಇಳಿಸುವುದೆಂದರೆ ಮುಷ್ಟಿ ಬಿಗಿದು
ಮೊಣಕೈಯನ್ನು ಪಕ್ಕೆಗೊತ್ತಿ ಒಂದು ನಿಮಿಷ.
ಮೊದಮೊದಲು ಆ ನಿಮಿಷ
ತೂಬಿನಕೆರೆಯಿಂದ ಇಂಡುವಾಳಿನಷ್ಟು ಉದ್ದ.
ಆಸೆ ಹೋಗುವುದಿಲ್ಲ. ಹೋಗಬೇಕೆಂದೂ ಇಲ್ಲವಂತೆ.
ಫುಟ್‌ಬೋರ್ಡಿನ ಹುಡುಗನ ಹಾಗೆ ನೇತಾಡಿಕೊಂಡು ಬರುತ್ತದೆ;
ಬೈದರೆ ಹೆಚ್ಚು ಕುಣಿಯುತ್ತದೆ,
ಸುಮ್ಮನಿದ್ದರೆ ಯಾವುದೋ ಸ್ಟಾಪಿನಲ್ಲಿ
ಹೇಳದೆ ಇಳಿದಿರುತ್ತದೆ.

ಎಲ್ಲ ದಿನವೂ ಅಲ್ಲ.
ರಾತ್ರಿ ಹೆಬ್ಬೆರಳಿಗೆ ಟೇಪು ಸುತ್ತಿದ್ದೆ,
ಟೀವಿ ಮುಂದೆ ಮಡಿಲಿಗೆ ಹುಣಸೆ ಬೀಜ ಸುರುವಿಕೊಂಡಿದ್ದೆ,
ಕನ್ನಡಿ ಮೇಲಿನ ಬಲ್ಬನ್ನೂ ಜವರಯ್ಯ ಡ್ರೈವರಿಗೆ ಕೊಟ್ಟಿದ್ದೆ.
ಆದರೂ ಚೆಕ್ಕಿಂಗಿನವರು ಹತ್ತಿ
ಎಲ್ಲರೆದುರು ನನ್ನ ಬ್ಯಾಗು ಎಣಿಸಿದ ದಿನ
ಬಚ್ಚಲ ಬಾಗಿಲು ಹಾಕಿಕೊಂಡು ಕೂತವಳು
ಎದ್ದಾಗ ಹಾಲಿನವನು ಕೂಗುತ್ತಿದ್ದ.
ಆ ಸಾಲಿನಲ್ಲಿ ಬರೆದೆ: ‘ಎಣಿಸಲಿಲ್ಲ.’
ಮೇಡಂ ಓದಿ, ‘ಹಾಳೆ ಹರಿದು ಹಾಕಿಲ್ವಲ್ಲ’ ಅಂದರು,
ಮುಂದಿನ ಗುರುವಾರ ಬನ್ನಿ ಅಂದರು.

ಇವತ್ತು ಬಾಬುರಾಯನಕೊಪ್ಪಲಿನಲ್ಲಿ ಒಬ್ಬಳು ಹತ್ತಿದಳು.
ನರ್ಸಿಂಗ್ ಓದುವ ಹುಡುಗಿ, ಬಿಳಿ ಕೋಟು ಮಡಿಲಲ್ಲಿ,
ಈ ಬೇಸಿಗೆಯಲ್ಲೂ ಮುಂಗೈ ಮುಚ್ಚುವ ತೋಳು.
ತೋಳಿನೊಳಗೆ ಉಗುರೊಂದು ಹಕ್ಕಳೆ ಹುಡುಕುತ್ತಿತ್ತು.
ಅವಳು ಕಿಟಕಿಯಾಚೆ ಕಬ್ಬು ನೋಡುತ್ತಿದ್ದಳು,
ಕೈ ಯಾರದೋ ಎಂಬಂತೆ.
ಬಟ್ಟೆಯ ಮೇಲೆ ಸಾಸಿವೆಯಷ್ಟು ಕೆಂಪು.

‘ಕೈ ಹಿಡಿಯಮ್ಮ’ ಅಂದೆ.
ಇಪ್ಪತ್ತು ನಾಣ್ಯ ಎಣಿಸಿ ಅಂಗೈಗೆ ಹಾಕಿದೆ.
‘ಬ್ಯಾಗಿನ ಜಿಪ್ಪು ಕೆಟ್ಟದೆ,
ಮಂಡ್ಯ ಬರೋಗಂಟ ಬಿಗಿಯಾಗಿ ಇಟ್ಕಂಡಿರು.’
ಜಿಪ್ಪು ನೆಟ್ಟಗಿತ್ತು.
ಅವಳು ಮೊದಲು ಜಿಪ್ಪನ್ನು ನೋಡಿದಳು,
ಆಮೇಲೆ ನನ್ನ ಕ್ಲಿಪ್ಪನ್ನು,
ಕ್ಲಿಪ್ಪಿನ ಪಕ್ಕದ ಕಾಡಿಗೆಯನ್ನು.
ಮುಷ್ಟಿ ಮುಚ್ಚಿದಳು.

ಮಂಡ್ಯದಲ್ಲಿ ಇಳಿಯುವಾಗ ವಾಪಸು ಕೊಟ್ಟಳು,
ಬೆವರಿಗೆ ಅಂಟಿಕೊಂಡ ಬಿಸಿ ನಾಣ್ಯಗಳು.
ಎಣಿಸಿದೆ. ಹತ್ತೊಂಬತ್ತು.
ರೈಟ್ ಅಂದೆ, ಜವರಯ್ಯ ಗೇರ್ ಹಾಕಿದ.

ಮುಂಬದಿ: ಒಂದು ರೂಪಾಯಿ ಕಮ್ಮಿ, ಕೈಯಿಂದ ಕಟ್ಟಿದ್ದು.
ಹಿಂಬದಿ: ಶುಕ್ರವಾರ, ಇಷ್ಟು ಹೊತ್ತಿಗೆ, ನಾಲ್ಕು.